ಮಕ್ಕಳ ಗ್ರಾಮಸಭೆ ಮತ್ತು ಖಾಲಿ ಬಿಟ್ಟ ಆರು ಗೆರೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲೇ ಸುತ್ತಿ ಸುತ್ತಿ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಇಷ್ಟು ವರ್ಷದಲ್ಲಿ ನಗು ಬರುವಂಥದ್ದು ಒಂದಾದರೂ ನಡೆಯದೆ ಮುಗಿದ ಸಭೆ ನೆನಪಿಗೇ ಬರುವುದಿಲ್ಲ. ನಗು ಬರಲಿಲ್ಲ ಎಂದರೆ ಆವತ್ತು ಕೋರಂ ಇರಲಿಲ್ಲ ಎಂದೇ ಅರ್ಥ. ದೊಡ್ಡವರ ಸಭೆಯಲ್ಲಿ ಯಾರಾದರೂ ಸುಳ್ಳು ಹೇಳಿದಾಗ ನಗು ಬರುತ್ತಿತ್ತು. ಮಕ್ಕಳ ಸಭೆಯಲ್ಲಿ ಯಾರಾದರೂ ನಿಜ ಹೇಳಿದಾಗ ಬರುತ್ತಿತ್ತು. ನನ್ನಂಥ ನೌಕರನಿಗೆ ಈ ಎರಡನೆಯದೇ ಹೆಚ್ಚು ಅಪಾಯ.

೧. ಸುತ್ತೋಲೆ ಬಂತು

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬೆಟ್ಟದಪುರದ ಆಚೆ, ಸುತ್ತ ಎಲ್ಲಿ ನೋಡಿದರೂ ಹೊಗೆಸೊಪ್ಪಿನ ಹೊಲ ಇರುವ ಒಂದು ಪಂಚಾಯಿತಿಯಲ್ಲಿದ್ದೆ. ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ಪ್ರತಿ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕು, ಮಕ್ಕಳು ಹೇಳಿದ್ದನ್ನು ಕೇಳಬೇಕು, ಕೇಳಿದ್ದನ್ನು ಬರೆದುಕೊಳ್ಳಬೇಕು, ಬರೆದುಕೊಂಡದ್ದನ್ನು ಮಾಡಬೇಕು. ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ನಮಗೆ ಅಭ್ಯಾಸವಿತ್ತು.

ಅಧ್ಯಕ್ಷರಿಗೆ ಓದಿ ಹೇಳಿದೆ. ಅರವತ್ತರ ಹತ್ತಿರದವರು, ಒಳ್ಳೆಯ ಬೇಸಾಯಗಾರರು, ಸೊಪ್ಪು ಒಣಗಿಸುವ ಬ್ಯಾರನ್ ಮನೆ ಎರಡು ಇಟ್ಟುಕೊಂಡವರು, ಇಸ್ತ್ರಿ ಇಲ್ಲದ ಪಂಚೆ ಉಟ್ಟು ಹೊರಗೆ ಬಂದವರಲ್ಲ. ಕೆಟ್ಟ ಮನುಷ್ಯರೂ ಅಲ್ಲ. ಅವರು, "ಮಕ್ಳಿಗೆ ಏನ್ರೀ ಸಮಸ್ಯೆ ಸೆಕ್ರೆಟ್ರಿ? ವೋಟೇ ಇಲ್ಲ, ಸಮಸ್ಯೆ ಎಲ್ಲಿಂದ ಬತ್ತದೆ?" ಅಂದರು.

ಇಲ್ಲಿ ನನ್ನ ಕೆಲಸದ ಕ್ರಮವನ್ನೂ ಹೇಳಿಬಿಡಬೇಕು, ನಾಚಿಕೆಯಾದರೂ ಸರಿ. ಸಭೆಯಲ್ಲಿ ಏನೇನು ತೀರ್ಮಾನವಾಯಿತು ಎಂದು ಬರೆಯುವ ನಡವಳಿ ಪುಸ್ತಕವನ್ನು ನಾನು ಸಭೆಯ ಹಿಂದಿನ ದಿನವೇ ಬರೆದು ಮುಗಿಸುತ್ತಿದ್ದೆ. ತೀರ್ಮಾನಗಳ ಕೆಳಗೆ ಆರು ಗೆರೆ ಖಾಲಿ ಬಿಡುತ್ತಿದ್ದೆ. ಆ ಆರು ಗೆರೆಯ ಕೆಳಗೆ ಅಧ್ಯಕ್ಷರು ಸಭೆಯ ದಿನ ಬೆಳಿಗ್ಗೆಯೇ ಬಂದು ಸಹಿ ಹಾಕಿ ಮೊಹರು ಒತ್ತಿಬಿಡುತ್ತಿದ್ದರು. ಸಭೆ ಮುಗಿದು ನಾಲ್ಕು ದಿನಕ್ಕೆ ಅವರಿಗೆ ಏನಾದರೂ ನೆನಪಾಗುತ್ತಿತ್ತು, ಭಾಮೈದನ ಬೀದಿಗೆ ಮೋರಿ, ತಮ್ಮನ ಹಟ್ಟಿ ಮುಂದಕ್ಕೆ ನಲ್ಲಿ, ಇಂಥವು. ಅವೆಲ್ಲ ಆ ಆರು ಗೆರೆಗಳಲ್ಲಿ ಬಂದು ಕೂರುತ್ತಿದ್ದವು. ನನಗಿಂತ ಮುಂಚೆ ಇದ್ದವರೂ ಹೀಗೇ ಮಾಡುತ್ತಿದ್ದರು, ನಾನು ಯಾಕೆ ಎಂದು ಕೇಳಲಿಲ್ಲ.

ಮಕ್ಕಳ ಸಭೆಯ ನಡವಳಿಯನ್ನೂ ಹಿಂದಿನ ದಿನ ಬರೆಯುತ್ತ ಕೂತಿದ್ದಾಗ ನಮ್ಮ ಬಿಲ್ ಕಲೆಕ್ಟರು ಹೆಗಲ ಮೇಲಿಂದ ಬಗ್ಗಿ ನೋಡಿದ. "ಸಾ, ನಾಳೆ ಆ ಮಕ್ಳು ಬ್ಯಾರೆ ಏನಾದ್ರೂ ಮಾತಾಡ್ಬುಟ್ರೆ?" ಅಂದ.

"ಅದು ಮಕ್ಕಳ ತಪ್ಪು," ಅಂದೆ ನಾನು.

೨. ಪ್ರಶ್ನೆ ಅವರದು, ಉತ್ತರ ಇವರದು

ಮೊದಲ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಶಾಲೆಯ ಹೆಡ್ ಮೇಡಂ ಜಾಗ್ರತೆಯ ಹೆಂಗಸು. ಏಳು ಮಕ್ಕಳಿಗೆ ಏಳು ಪ್ರಶ್ನೆ ಬಾಯಿಪಾಠ ಮಾಡಿಸಿ, ಪಟ್ಟಿಯನ್ನು ಮೊದಲೇ ನನಗೆ ಕಳಿಸಿದ್ದರು. ನಾನು ಅದೇ ಕ್ರಮದಲ್ಲಿ ಏಳು ಉತ್ತರ ಬರೆದು ಅಧ್ಯಕ್ಷರ ಕೈಗೆ ಕೊಟ್ಟಿದ್ದೆ. ಕನ್ನಡಕ ಹಾಕಿದರೆ ಅಧ್ಯಕ್ಷರಿಗೆ ಕಾಗದ ಕಾಣುತ್ತಿತ್ತು, ಜನ ಕಾಣುತ್ತಿರಲಿಲ್ಲ. ಆದ್ದರಿಂದ ಅವರು ತಲೆ ಎತ್ತದೆ ಒಂದಾದ ಮೇಲೊಂದು ಓದುವುದು ಎಂದು ಮಾತಾಗಿತ್ತು.

ಆದರೆ ಅದು ಸೊಪ್ಪು ಕೀಳಲು ಶುರುವಾದ ಕಾಲ. ಶಾಲೆಗೆ ಗೇಟು ಬೇಕು ಎಂದು ಮೊದಲನೇ ಪ್ರಶ್ನೆ ಕೇಳಬೇಕಾಗಿದ್ದ ಹುಡುಗನನ್ನು ಅವನ ಅಪ್ಪ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸಕ್ಕೆ ಕೂರಿಸಿಕೊಂಡಿದ್ದ. ಎರಡನೆಯ ಹುಡುಗಿ ತನ್ನ ಸರದಿ ಬಂತೆಂದು ಎದ್ದು ನಿಂತಳು.

"ಮಾನ್ಯ ಅಧ್ಯಕ್ಷರೇ, ನಮ್ಮ ಶಾಲೆಯ ಕುಡಿಯುವ ನೀರಿನ ತೊಟ್ಟಿಯಲ್ಲಿ ಹುಳಗಳಿವೆ. ಏನು ಮಾಡುವಿರಿ?"

ಅಧ್ಯಕ್ಷರು ಮೊದಲನೇ ಉತ್ತರ ಓದಿದರು: "ಕಬ್ಬಿಣದ ಗೇಟು ಹಾಕಿಸಿ ಒಳಗೆ ಬರದಂತೆ ಮಾಡಲಾಗುವುದು."

ಮೂರನೆಯವನು ಎದ್ದ. "ಶಾಲೆಯ ಮುಂದೆ ಬೀದಿ ನಾಯಿಗಳ ಕಾಟ ಹೆಚ್ಚಾಗಿದೆ."

"ಪ್ರತಿ ಶನಿವಾರ ಚೆನ್ನಾಗಿ ತಿಕ್ಕಿ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಲಾಗುವುದು."

ನಾನು ಮೇಜಿನ ಕೆಳಗಿಂದ ಅವರ ಪಂಚೆ ಎಳೆದೆ. ಅವರು ಕಾಲು ಜಾಡಿಸಿ ಮುಂದಿನ ಉತ್ತರದ ಮೇಲೆ ಬೆರಳಿಟ್ಟರು. ನಾಲ್ಕನೆಯವಳು, "ನಮಗೆ ಗಣಿತಕ್ಕೆ ಇನ್ನೊಬ್ಬ ಮೇಷ್ಟ್ರು ಬೇಕು" ಅಂದಳು.

"ಈ ವಾರದಲ್ಲೇ ಹಿಡಿಸಿ, ಕಾಡಿನ ಅಂಚಿಗೆ ತಗೊಂಡು ಹೋಗಿ ಬಿಟ್ಟು ಬರಲಾಗುವುದು."

ಗಣಿತದ ಮೇಷ್ಟ್ರು ಹಿಂದಿನ ಸಾಲಿನಲ್ಲೇ ಕೂತಿದ್ದರು. ಪ್ರತಿ ಉತ್ತರಕ್ಕೂ ಚಪ್ಪಾಳೆ ಹೊಡೆಯಿರಿ ಎಂದು ಹೆಡ್ ಮೇಡಂ ಹೇಳಿಕೊಟ್ಟಿದ್ದರಿಂದ ಮಕ್ಕಳೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು. ಮೇಷ್ಟ್ರೂ ಹೊಡೆದರು, ಪಾಪ.

೩. ಒಂದು ಉತ್ತರ ಉಳಿಯಿತು

ಹೀಗೆ ಆರು ಪ್ರಶ್ನೆ ಮುಗಿದಾಗ ಅಧ್ಯಕ್ಷರ ಕಾಗದದಲ್ಲಿ ಒಂದು ಉತ್ತರ ಉಳಿದುಬಿಟ್ಟಿತು. ಬರೆದದ್ದನ್ನು ವ್ಯರ್ಥ ಮಾಡುವ ಮನುಷ್ಯರಲ್ಲ ಅವರು. "ಇನ್ನೊಂದು ಉತ್ತರ ಅದೆ. ಯಾರಾದ್ರೂ ಒಂದು ಪ್ರಶ್ನೆ ಕೇಳ್ರಲಾ," ಅಂದರು.

ಮೂರನೇ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಆರನೇ ಕ್ಲಾಸು, ಎರಡು ಜಡೆ, ಮೂರು ಕಿಲೋಮೀಟರ್ ಆಚೆಯ ಹಳ್ಳಿಯಿಂದ ನಡೆದು ಬರುವವಳು. ಬಾಯಿಪಾಠದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಶಾಲೆಯ ಮೂಲೆಯಲ್ಲಿದ್ದ ಹೆಣ್ಣುಮಕ್ಕಳ ಶೌಚಾಲಯದ ಕಡೆ ಕೈ ತೋರಿಸಿ ಕೇಳಿದಳು: "ಅದನ್ನ ಯಾರಿಗೆ ಅಂತ ಕಟ್ಸಿದ್ದೀರಾ ಸಾ?"

ಅದು ಕಟ್ಟಿ ಎರಡು ವರ್ಷವಾಗಿತ್ತು. ಹಳದಿ ಬಣ್ಣ, ಒಳಗೆ ಬಿಳಿ ಟೈಲ್ಸು, ಬಾಗಿಲ ಮೇಲೆ ಅಧ್ಯಕ್ಷರ ಹೆಸರು ಕೆತ್ತಿದ ಕಪ್ಪು ಕಲ್ಲು. ಉದ್ಘಾಟನೆಯ ದಿನ ಹಾಕಿದ ಬೀಗ ಹಾಗೇ ಇತ್ತು. ಬೀಗದ ಕೈ ಅಧ್ಯಕ್ಷರ ಸೊಂಟದ ಉಡಿದಾರದಲ್ಲಿತ್ತು.

"ನಿಮ್ಗೇ ಕಣವ್ವ," ಅಂದರು ಅಧ್ಯಕ್ಷರು.

"ಮತ್ತೆ ಬೀಗ?"

ಅಧ್ಯಕ್ಷರು ಕಾಗದ ಮಡಚಿದರು, ಕನ್ನಡಕ ತೆಗೆದರು, ಪ್ರೀತಿಯಿಂದಲೇ ಹೇಳಿದರು: "ಉಪಯೋಗಿಸುದ್ರೆ ಗಲೀಜಾಯ್ತದೆ ಕಣವ್ವ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹುಡುಗಿ ನಗಲಿಲ್ಲ. ಸಭೆ ಮುಗಿದ ಮೇಲೆ ಹೆಡ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ದೊಡ್ಡ ಹೆಣ್ಣುಮಕ್ಕಳು ಬೆಳಗಿನಿಂದ ಒಂದು ಲೋಟ ನೀರೂ ಕುಡಿಯುವುದಿಲ್ಲ. ಹೊಗೆಸೊಪ್ಪು ಆಳೆತ್ತರ ಇರುವಷ್ಟು ದಿನ ಪಕ್ಕದ ಹೊಲಕ್ಕೆ ಹೋಗುತ್ತಾರೆ. ಸೊಪ್ಪು ಕಿತ್ತು ಹೊಲ ಬಯಲಾಯಿತೆಂದರೆ ಮಧ್ಯಾಹ್ನ ಮನೆಗೆ ಹೋದವರು ವಾಪಸ್ಸು ಬರುವುದಿಲ್ಲ. ಆ ಹುಡುಗಿಯ ಅಕ್ಕ ಏಳನೇ ಕ್ಲಾಸಿನಲ್ಲಿ ಹಾಗೇ ಹೋದವಳು ಬರಲೇ ಇಲ್ಲ, ಈಗ ಸೊಪ್ಪು ಕಟ್ಟುತ್ತಾಳೆ. ಮುಂದಿನ ವರ್ಷ ಇವಳೂ ಏಳನೇ ಕ್ಲಾಸಿಗೆ ಬರುತ್ತಾಳೆ.

ಕೇಳಿ ನನಗೆ ನಾಚಿಕೆಯಾಯಿತು. ನನ್ನ ಮಗಳಿಗೂ ಆಗ ಅದೇ ವಯಸ್ಸು. ಆದರೂ ಆಫೀಸಿಗೆ ಹೋಗಿ ನಡವಳಿ ಪುಸ್ತಕ ತೆರೆದರೆ ಹಿಂದಿನ ದಿನವೇ ನಾನು ಬರೆದಿಟ್ಟ ಸಾಲು ಕಣ್ಣಿಗೆ ಬಿತ್ತು: "ಶೌಚಾಲಯ ಒದಗಿಸಿದ್ದಕ್ಕಾಗಿ ಮಕ್ಕಳು ಅಧ್ಯಕ್ಷರಿಗೆ ಹೃತ್ಪೂರ್ವಕ ವಂದನೆ ಸಲ್ಲಿಸಿದರು."

೪. ಸಾಹೇಬರ ತನಿಖೆ

ಅದಾಗಿ ಒಂದು ತಿಂಗಳಿಗೆ ಮೇಲಿನ ಸಾಹೇಬರೊಬ್ಬರು ಶಾಲೆಯ ಸೌಕರ್ಯ ನೋಡಲು ಬಂದರು. ಅಧ್ಯಕ್ಷರು ಉಡಿದಾರದಿಂದ ಬೀಗದ ಕೈ ಬಿಚ್ಚಿ, ದೇವರ ಕೋಣೆ ತೆಗೆದಷ್ಟು ಭಕ್ತಿಯಿಂದ ಶೌಚಾಲಯದ ಬಾಗಿಲು ತೆಗೆದರು. ಸಾಹೇಬರು ಇಣುಕಿ ನೋಡಿ, "ಇಷ್ಟು ಸ್ವಚ್ಛವಾಗಿರೋದನ್ನ ನಾನು ಎಲ್ಲೂ ನೋಡಿಲ್ಲ ಕಣ್ರೀ" ಅಂದರು. ಅಧ್ಯಕ್ಷರ ಮುಖ ಅರಳಿತು. ಬಾಗಿಲು ಎಳೆದು ಮತ್ತೆ ಬೀಗ ಹಾಕಿದರು.

ಆಮೇಲೆ ಹೆಡ್ ಮೇಡಂ ಕೋಣೆಯಲ್ಲಿ ಉಪಚಾರ ನಡೆಯಿತು. ಎರಡು ಎಳನೀರು, ಒಂದು ಲೋಟ ಮಜ್ಜಿಗೆ, ಎರಡು ಸಲ ಕಾಫಿ. ಸ್ವಲ್ಪ ಹೊತ್ತಿಗೆ ಸಾಹೇಬರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಸರಿದಾಡಿ, "ಅಧ್ಯಕ್ಷರೇ, ಆ ಬೀಗ ಒಂಚೂರು ತೆಗೀತೀರಾ?" ಅಂದರು.

"ಇನ್ನೊಂದ್ಸಲ ನೋಡ್ತೀರಾ ಸಾ?"

"ನೋಡೋಕಲ್ಲ."

ಅಧ್ಯಕ್ಷರಿಗೆ ಅರ್ಥವಾಯಿತು. ಅವರ ಕೈ ಉಡಿದಾರದ ತನಕ ಹೋಯಿತು. ಆದರೆ ಎರಡು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? "ಬ್ಯಾಡಿ ಸಾ, ಗಲೀಜಾಯ್ತದೆ. ಪಕ್ಕದಾಗೆ ಒಗೆಸೊಪ್ಪಿನ ಒಲ ಅದೆ, ಯಾರಿಗೂ ಕಾಣಾಕಿಲ್ಲ, ಬನ್ನಿ ತೋರಿಸ್ತೀನಿ," ಎಂದು ತಾವೇ ಮುಂದಾಗಿ ಕರೆದುಕೊಂಡು ಹೋದರು.

ಹೊಗೆಸೊಪ್ಪಿನ ಸಾಲಿನೊಳಗೆ ಹೊಕ್ಕು ಬಂದವರ ಬಟ್ಟೆಗೆ ಅದರ ಅಂಟು ಮೆತ್ತಿಕೊಂಡರೆ ಬೇಗ ಹೋಗುವುದಿಲ್ಲ. ಸಾಹೇಬರು ಬಿಳಿ ಪ್ಯಾಂಟಿನ ತೊಡೆಯವರೆಗೆ ಕಪ್ಪು ಅಂಟು ಬಳಿದುಕೊಂಡು ಬಂದರು. ಕಿಟಕಿಯ ಪಕ್ಕ ಕೂತಿದ್ದ ಹೆಣ್ಣುಮಕ್ಕಳು ಅವರನ್ನು ಕನಿಕರದಿಂದ ನೋಡಿದರು. ಸಾಹೇಬರು ಯಾರ ಮುಖವನ್ನೂ ನೋಡದೆ ಭೇಟಿ ಪುಸ್ತಕ ತರಿಸಿ ಬರೆದರು: "ಶೌಚಾಲಯ ಅತ್ಯಂತ ಸ್ವಚ್ಛವಾಗಿದೆ. ಹೀಗೇ ಕಾಪಾಡಿಕೊಂಡು ಬರುವುದು."

೫. ಕೋಟೆ ಕಡೆಯ ಸುದ್ದಿ

ನಾಲ್ಕೂ ತಾಲ್ಲೂಕಿನ ಕಾರ್ಯದರ್ಶಿಗಳನ್ನು ಒಂದು ತರಬೇತಿಗೆ ಸೇರಿಸಿದ್ದರು. ಊಟದ ಹೊತ್ತಿನಲ್ಲಿ ಎಲ್ಲರದೂ ಮಕ್ಕಳ ಸಭೆಯ ಗೋಳೇ. ಭೇರ್ಯದ ಕಡೆಯಿಂದ ಬಂದವರೊಬ್ಬರು, ಮಕ್ಕಳು ಕೇಳಿದ್ದಕ್ಕೆ ಅರ್ಜಿ ಕೊಡಿ ಅಂದೆ, ಮಾರನೆಯ ದಿನ ಇಡೀ ಶಾಲೆ ಒಬ್ಬೊಬ್ಬರೂ ಒಂದೊಂದು ಅರ್ಜಿ ತಂದು ಸ್ವೀಕೃತಿ ಕೊಡಿ ಎಂದು ಸಾಲಾಗಿ ನಿಂತರು, ನನ್ನ ಬೆರಳು ಇನ್ನೂ ನೋಯುತ್ತಿದೆ ಅಂದರು.

ಎಚ್.ಡಿ. ಕೋಟೆ ಕಡೆಯವರದು ಇನ್ನೂ ಚೆನ್ನಾಗಿತ್ತು. ಅಲ್ಲಿನ ಮಕ್ಕಳು, ಕುಡಿದು ಬಂದವರನ್ನು ಗ್ರಾಮಸಭೆಗೆ ಸೇರಿಸಬಾರದು ಎಂದು ತೀರ್ಮಾನ ಮಾಡಿದರಂತೆ. ಮಕ್ಕಳ ಮಾತು, ದೊಡ್ಡವರು ನಗುತ್ತ ಒಪ್ಪಿಕೊಂಡರಂತೆ. ಮುಂದಿನ ದೊಡ್ಡವರ ಸಭೆಯ ದಿನ ಮಕ್ಕಳು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬಾಯನ್ನೂ ಮೂಸಿ ಒಳಗೆ ಬಿಟ್ಟರಂತೆ.

"ಆಮೇಲೆ?" ಅಂದೆ.

"ಆಮೇಲೇನು, ಕೋರಂ ಇಲ್ಲದೆ ಮುಂದಕ್ಕೆ ಹಾಕಿದ್ವಿ."

೬. ಮೈಸೂರುಪಾಕಿನ ಚುನಾವಣೆ

ಈ ಸುದ್ದಿಯನ್ನು ಅಧ್ಯಕ್ಷರಿಗೆ ಹೇಳಿದ್ದು ನನ್ನ ತಪ್ಪು. ಮಾರನೆಯ ವರ್ಷದ ಮಕ್ಕಳ ಸಭೆ ಹತ್ತಿರ ಬಂದಂತೆ ಅವರಿಗೆ ದಿಗಿಲು ಹತ್ತಿತು. ಸಾಲದ್ದಕ್ಕೆ ಈ ಸಲದ ಸುತ್ತೋಲೆಯಲ್ಲಿ, ಮಕ್ಕಳೇ ಒಬ್ಬರನ್ನು ಆರಿಸಿ ಅವರಿಂದಲೇ ಸಭೆ ನಡೆಸಬೇಕು, ನಡವಳಿಗೆ ಆ ಮಗುವಿನ ಸಹಿಯೂ ಇರಬೇಕು ಎಂದಿತ್ತು.

"ನಮ್ಮ ಮೊಮ್ಮಗನೇ ಆಗ್ಲಿ," ಎಂದರು ಅಧ್ಯಕ್ಷರು. ಅವನೂ ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಹೆಡ್ ಮೇಡಂ, ಚುನಾವಣೆಯೇ ಆಗಬೇಕು ಎಂದು ಹಟ ಹಿಡಿದರು. ಮೊಮ್ಮಗನ ಎದುರು ನಿಂತವಳು ಆ ಎರಡು ಜಡೆಯ ಹುಡುಗಿ.

ಅಧ್ಯಕ್ಷರಿಗೆ ಚುನಾವಣೆ ಹೊಸದಲ್ಲ. ಮತದಾನದ ಹಿಂದಿನ ದಿನ ನಮ್ಮ ತಾಲ್ಲೂಕಿನದೇ ಕೊಪ್ಪದ ಅಂಗಡಿಯಿಂದ ಎರಡು ದೊಡ್ಡ ಡಬ್ಬ ಮೈಸೂರುಪಾಕು ತರಿಸಿ ಇಡೀ ಶಾಲೆಗೆ ಹಂಚಿಸಿದರು. ಮಾರನೆಯ ದಿನ ಚೀಟಿ ಬಿಚ್ಚಿದರೆ ಹುಡುಗಿ ಭಾರಿ ಅಂತರದಲ್ಲಿ ಗೆದ್ದಿದ್ದಳು. ಮೊಮ್ಮಗನಿಗೆ ಒಂದೇ ಒಂದು ಓಟು, ಅದೂ ಅವನದಲ್ಲವಂತೆ. ಅವನೂ ಹುಡುಗಿಗೇ ಹಾಕಿದ್ದ.

ಅಧ್ಯಕ್ಷರು ಮೊಮ್ಮಗನ ಕಿವಿ ಹಿಡಿದರು. "ನನ್ ಮೈಸೂರ್‌ಪಾಕು ತಿಂದ್ಬುಟ್ಟು ಅವಳಿಗೆ ಹಾಕಿದ್ರಾ ಎಲ್ಲ?"

"ಓದ್ ಸಲದ ಎಲೆಕ್ಷನ್‌ನಾಗೆ ನೀನೇ ಅಂದಿದ್ಯಲ್ಲಾ ತಾತ," ಅಂದ ಅವನು ಕಿವಿ ಬಿಡಿಸಿಕೊಳ್ಳುತ್ತ, "ಯಾರ್ದಾನ ತಿನ್ರಲಾ, ಓಟು ಮಾತ್ರ ಒಳ್ಳೇರಿಗೆ ಹಾಕಿ ಅಂತ."

೭. ಆರು ಗೆರೆ

ಎರಡನೆಯ ಸಭೆ ದಸರಾ ರಜೆ ಕಳೆದ ಮೇಲೆ ಬಂತು. ಪಕ್ಕದ ಹೊಲದಲ್ಲಿ ಸೊಪ್ಪೆಲ್ಲ ಕಿತ್ತಾಗಿತ್ತು, ಶಾಲೆಯ ಜಗಲಿಯಿಂದ ನೋಡಿದರೆ ದೂರದ ರಸ್ತೆಯವರೆಗೂ ಬಯಲು. ಆ ಹುಡುಗಿಯ ಅವ್ವ ಬರುವ ಸೋಮವಾರದಿಂದ ಅವಳನ್ನು ಶಾಲೆ ಬಿಡಿಸುತ್ತೇನೆ ಎಂದು ಹೇಳಿ ಹೋಗಿದ್ದಾರೆ ಎಂದು ಹೆಡ್ ಮೇಡಂ ತಿಳಿಸಿದರು. ನಡವಳಿ ಮಾತ್ರ ನಾನು ಎಂದಿನಂತೆ ಹಿಂದಿನ ದಿನವೇ ಬರೆದು ಮುಗಿಸಿದ್ದೆ. ಧೈರ್ಯವಿಲ್ಲದವನು ಇನ್ನೇನು ಮಾಡುತ್ತಾನೆ?

ಅಧ್ಯಕ್ಷರು ಬೆಳಿಗ್ಗೆ ಹತ್ತಕ್ಕೆ ಬಂದು ಆರು ಗೆರೆಯ ಕೆಳಗೆ ದೊಡ್ಡ ಸಹಿ ಹಾಕಿ ಮೊಹರು ಒತ್ತಿದರು. ಕೊಪ್ಪದಲ್ಲಿ ಯಾರದೋ ಅಂಗಡಿ ಪೂಜೆಗೆ ಹೋಗಬೇಕಿತ್ತು. ಮಕ್ಕಳಿಗೆ ಎರಡು ಮಾತು ಹೇಳಿ ಹೊರಟುಬಿಟ್ಟರು. ಸಭೆಯನ್ನು ಹುಡುಗಿಯೇ ನಡೆಸಿದಳು. ಮಕ್ಕಳು ಏನೇನೋ ಕೇಳಿದರು, ಬಿಲ್ ಕಲೆಕ್ಟರು ತಲೆ ಆಡಿಸಿದ, ನಾನು ಬರೆದುಕೊಳ್ಳುವವನಂತೆ ಪೆನ್ನು ಆಡಿಸಿದೆ. ಕೊನೆಗೆ ಪುಸ್ತಕವನ್ನು ಅವಳ ಮುಂದಿಟ್ಟು, "ಇಲ್ಲೊಂದು ಸಹಿ ಹಾಕವ್ವ" ಅಂದೆ.

ಅಧ್ಯಕ್ಷರ ಪಕ್ಕ ಸಹಿ ಹಾಕಿದ ಎಷ್ಟೋ ಜನರನ್ನು ನೋಡಿದ್ದೇನೆ. ಒಬ್ಬರೂ ಆ ಪುಸ್ತಕ ಓದಿದ್ದನ್ನು ನೋಡಿರಲಿಲ್ಲ. ಇವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದಳು.

"ಸಾ, ನಾವು ಅಧ್ಯಕ್ಷರಿಗೆ ವಂದನೆ ಏಳಿದ್ವಿ ಅಂತ ಬರೆದದೆ. ನಾವು ಏಳ್ಲಿಲ್ವಲ್ಲ."

"ಹೇಳ್ತೀರೇನೋ ಅಂತ ಬರೆದೆ," ಅಂದೆ.

ಅವಳು ಇನ್ನೂ ಕೆಳಗೆ ಬಂದಳು. ಬೆರಳು ಖಾಲಿ ಜಾಗದಲ್ಲಿ ನಿಂತಿತು. "ಈ ಆರು ಗೆರೆ ಯಾಕೆ ಸಾ ಕಾಲಿ ಬುಟ್ಟಿದ್ದೀರಾ?"

ಸುಳ್ಳು ಹೇಳಿ ನನಗೆ ಅಭ್ಯಾಸವಿತ್ತು. ಆವತ್ತು ಬಾಯಿಗೆ ಬಂದದ್ದು ನಿಜ. "ಸಭೆಯಲ್ಲಿ ಬಿಟ್ಟುಹೋದದ್ದು ಏನಾದರೂ ಇದ್ದರೆ ಬರೆಯೋದಕ್ಕೆ."

"ಬುಟ್ಟೋಗದೆ ಸಾ. ಪೆನ್ನು ಕೊಡಿ."

ಕೊಟ್ಟೆ. ಅವಳು ಮಕ್ಕಳ ಕಡೆ ತಿರುಗಿ, "ಬೀಗದ ವಿಷ್ಯ ಬರೀಲಾ?" ಎಂದು ಕೇಳಿದಳು. ಅಂಗಳದಲ್ಲಿ ಎಲ್ಲ ಕೈಗಳೂ ಮೇಲೆದ್ದವು, ಅಧ್ಯಕ್ಷರ ಮೊಮ್ಮಗನದೂ ಸೇರಿ. ಮೇಲಿನ ಏಳು ತೀರ್ಮಾನಗಳಲ್ಲಿ ನನ್ನ ಭಾಷೆಯನ್ನು ಆಗಲೇ ಓದಿಕೊಂಡಿದ್ದಳಲ್ಲ, ದುಂಡಗಿನ ಅಕ್ಷರದಲ್ಲಿ ಥೇಟ್ ನನ್ನ ಧಾಟಿಯಲ್ಲೇ ಬರೆದಳು: "ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈಯನ್ನು ನಾಳೆಯೇ ಮುಖ್ಯೋಪಾಧ್ಯಾಯಿನಿಯವರಿಗೆ ಒಪ್ಪಿಸತಕ್ಕದ್ದು. ಅಲ್ಲಿನ ತೊಟ್ಟಿಗೆ ದಿನವೂ ನೀರು ಬಿಡತಕ್ಕದ್ದು. ಇನ್ನು ಮುಂದೆ ಸದರಿ ಬಾಗಿಲಿಗೆ ಬೀಗ ಹಾಕತಕ್ಕದ್ದಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಸರಿಯಾಗಿ ಆರು ಗೆರೆ. ಅದರ ಕೆಳಗೆ ಅವಳ ಸಹಿ, ಪಕ್ಕದಲ್ಲಿ ಅಧ್ಯಕ್ಷರ ಸಹಿ, ಮೊಹರು.

ಬಿಲ್ ಕಲೆಕ್ಟರು ನನ್ನ ಕಿವಿಗೆ ಬಗ್ಗಿದ. "ಸಾ, ಅಧ್ಯಕ್ಷರು ಬಂದು ನೋಡಿದ್ರೆ?"

"ಸಹಿ ಚೆನ್ನಾಗಿ ಬಂದಿದೆ ಅಂತಾರೆ," ಅಂದೆ.

೮. ಬೀಗ

ಸಂಜೆ ಅಧ್ಯಕ್ಷರು ಕೊಪ್ಪದಿಂದ ಬಂದು ಪುಸ್ತಕ ನೋಡಿದರು. ಎರಡು ಸಲ ಓದಿದರು. "ಇದನ್ನ ನಾನು ಯಾವಾಗ್ರೀ ಒಪ್ಪಿದೆ?" ಅಂದರು.

"ಬೆಳಿಗ್ಗೆ ಹತ್ತು ಗಂಟೆಗೆ ಸಾರ್. ಆ ಹುಡುಗಿ ಬರೆಯೋದಕ್ಕಿಂತ ಮೊದಲೇ ಒಪ್ಪಿದ್ರಿ."

"ಒಡೆದಾಕಿ ಅದನ್ನ."

"ಹೊಡೆದು ಹಾಕ್ಬಹುದು ಸಾರ್. ಸಹಿ ಆದ ಮೇಲೆ ಬರೆದದ್ದು, ಹಾಗಾಗಿ ನಡೆಯೋದಿಲ್ಲ ಅಂತ ಷರಾ ಬರೀಬೇಕಾಗ್ತದೆ. ಆಗ ಇದೇ ಥರ ಬರೆದ ಹಿಂದಿನ ಪುಟಗಳನ್ನೂ ಹೊಡೀಬೇಕು. ನಿಮ್ಮ ಭಾಮೈದನ ಮೋರಿ, ತಮ್ಮನ ನಲ್ಲಿ..." ಹೇಗೋ ಹೇಳಿ ಮುಗಿಸಿದೆ. ಇಡೀ ನೌಕರಿಯಲ್ಲಿ ನಾನು ತೋರಿಸಿದ ಧೈರ್ಯ ಅಷ್ಟೇ.

ಅಧ್ಯಕ್ಷರು ಪುಸ್ತಕ ಮುಚ್ಚಿದರು. ಸೋತು ಮನೆಗೆ ಹೋಗುವ ಮನುಷ್ಯರಲ್ಲ. "ಅಂಗಾದ್ರೆ ನಾಳೆ ನಾನೇ ಬೀಗ ತೆಗೀತೀನಿ. ಟೇಪು ಕಟ್ಸಿ, ಮೈಕು ಇಡ್ಸಿ," ಎಂದರು.

ಮಾರನೆಯ ದಿನ ಹನ್ನೊಂದಕ್ಕೆ ಆ ಶೌಚಾಲಯಕ್ಕೆ ಎರಡನೇ ಉದ್ಘಾಟನೆ ನಡೆಯಿತು. ಅಧ್ಯಕ್ಷರು ಬೀಗ ತೆಗೆದು, ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ಟೇಪಿನ ಮುಂದೆ ಮೈಕು ಹಿಡಿದು ನಿಂತರು. ಕತ್ತರಿ ಇಟ್ಟ ತಟ್ಟೆ ಆ ಹುಡುಗಿಯ ಕೈಯಲ್ಲಿತ್ತು. ಇವತ್ತು ಸಿಗುತ್ತದೆ ಎಂದು ನಂಬಿ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಧಾರಾಳವಾಗಿ ನೀರು ಕುಡಿದು ಬಂದಿದ್ದರು. ಅಧ್ಯಕ್ಷರಿಗೆ ಇದು ಗೊತ್ತಿರಲಿಲ್ಲ. ಅವರು ಸ್ವಾತಂತ್ರ್ಯ ಹೋರಾಟದಿಂದ ಶುರುಮಾಡಿ, ಹೆಣ್ಣು ಅಬಲೆಯಲ್ಲ ಎನ್ನುವಲ್ಲಿಗೆ ಬರುವಷ್ಟರಲ್ಲಿ ಕಾಲು ಗಂಟೆಯಾಗಿತ್ತು. ಹುಡುಗಿ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತಿದ್ದಳು.

"ಕೊನೆಯದಾಗಿ ಒಂದು ಮಾತು..." ಎಂದರು ಅಧ್ಯಕ್ಷರು. ಅವರ ಕೊನೆಯ ಮಾತು ಎಷ್ಟು ಉದ್ದ ಎಂದು ಊರಿಗೇ ಗೊತ್ತು.

ಹುಡುಗಿ ತಟ್ಟೆಯನ್ನು ಅಧ್ಯಕ್ಷರ ಮೊಮ್ಮಗನ ಕೈಗೆ ಕೊಟ್ಟಳು. ಕತ್ತರಿ ತೆಗೆದುಕೊಂಡು, ಟೇಪು ಕತ್ತರಿಸಿ, ಅಧ್ಯಕ್ಷರ ಪಂಚೆಯ ಪಕ್ಕದಿಂದ ನುಸುಳಿ ಒಳಗೆ ಹೋಗಿಬಿಟ್ಟಳು. ಬಾಗಿಲು ಹಾಕಿಕೊಂಡಿತು. ಮೈಕು ಪಕ್ಕದಲ್ಲೇ ಇದ್ದುದರಿಂದ ಒಳಗಿನಿಂದ ಚಿಲಕ ಹಾಕಿದ ಶಬ್ದ ಇಡೀ ಊರಿಗೆ ಕೇಳಿಸಿತು.

ಅಧ್ಯಕ್ಷರು ಭಾಷಣ ನಿಲ್ಲಿಸಿದರು. ಮುಚ್ಚಿದ ಬಾಗಿಲನ್ನು ನೋಡಿದರು, ಮೇಲೆ ತಮ್ಮ ಹೆಸರಿನ ಕಲ್ಲನ್ನು ನೋಡಿದರು, ಆಮೇಲೆ ಮೈಕು ಆರಿಸುವುದನ್ನು ಮರೆತು ನನ್ನನ್ನು ಕೇಳಿದರು:

"ಅಲ್ಲಾ ಸೆಕ್ರೆಟ್ರಿ, ಬೀಗ ಆಕ್ಕೂಡ್ದು ಅಂತ ಅವಳೇ ಬರೆದ್ಲು. ಈಗ ಮೊದಲ್ನೇದಾಗಿ ಆಕ್ಕೊಂಡೋಳೂ ಅವಳೇ ಅಲ್ವೇನ್ರೀ?"